ರಜಾಯಿಯೊಳಗಿನ ಎಣಿಕೆ

ನನ್ನ ಗಂಡನ ಬಾಯಿಂದ ನಾನು ಅತಿ ಹೆಚ್ಚು ಕೇಳಿದ ಮಾತೆಂದರೆ ‘ತಪ್ಪು’. ಮದುವೆಯಾದ ಹೊಸದರಲ್ಲಿ ರೇಡಿಯೋ ಹಾಡಿಗೆ ನಾನು ಬೆರಳಿನಿಂದ ಮೇಜು ತಟ್ಟಿದರೆ ಪಕ್ಕದ ಕೋಣೆಯಿಂದಲೇ ‘ತಪ್ಪು’ ಅನ್ನುತ್ತಿದ್ದರು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸುವಾಗಲೂ ‘ತಪ್ಪು’. ಮಗು ನಿದ್ದೆ ಮಾಡಿದರೆ ಸಾಲದೇ, ಅದಕ್ಕೂ ತಾಳ ಬೇಕೇ ಎಂದು ನಾನು ರೇಗುತ್ತಿದ್ದೆ. ಅವರು ಡ್ರಮ್ಮರ್. ಹೋಟೆಲುಗಳಲ್ಲಿ, ಪಾರ್ಟಿಗಳಲ್ಲಿ ನುಡಿಸುವ ಒಂದು ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಕೂತು ಆಯಸ್ಸು ಕಳೆದವರು. ನಾನು ಟೈಲರ್. ನನ್ನ ಹೊಲಿಗೆ ಮಿಷನ್ನಿನ ಸದ್ದು ಕೂಡ ಅವರಿಗೆ ಆಗುತ್ತಿರಲಿಲ್ಲ. ಪೆಡಲನ್ನು ಒಂದೇ ಸಮ ತುಳಿಯಲು ನನಗೆ ಬರುವುದಿಲ್ಲವಂತೆ. ಸಿಟ್ಟಿಲ್ಲದೆ, ನಗುವಿಲ್ಲದೆ ಅವರು ಸಲೀಸಾಗಿ ಬಿಸಾಕುತ್ತಿದ್ದ ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಈಗ ಆ ಮಾತೂ ಇಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದವರು ಹಾಗೇ ಬಚ್ಚಲಿನಲ್ಲಿ ಕುಸಿದರು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತುಹೋಯಿತು. ಕಿವಿ ಕೇಳಿಸುತ್ತದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಕೊಡಲು ಬಾಯಿಯನ್ನೂ ತೆರೆಯುತ್ತಾರೆ. ಒಳಗಿಂದ ಏನೂ ಬರುವುದಿಲ್ಲ. ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡು ನನ್ನ ಮುಖ ನೋಡುತ್ತಾರೆ. ಆ ನೋಟವನ್ನು ತಡೆದುಕೊಳ್ಳಲಾಗದೆ ನಾನು ಎಷ್ಟು ಸಲ ಅಡುಗೆಮನೆಗೆ ಓಡಿದ್ದೇನೋ ಲೆಕ್ಕವಿಲ್ಲ.

ಮಾತು ಕಲಿಸುವ ಡಾಕ್ಟರು ಒಬ್ಬ ತಾಳ್ಮೆಯ ಹೆಂಗಸು. ವಾರವಾರವೂ ಅವರ ಮುಂದೆ ಇವರನ್ನು ಕೂರಿಸುತ್ತಿದ್ದೆವು. ಆಕೆ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದರು. ಲೋಟ. ಚಪ್ಪಲಿ. ನಾಯಿ. ಮೊದಮೊದಲು ಇವರು ಬೆವರು ಸುರಿಸಿಕೊಂಡು ಪ್ರಯತ್ನ ಪಟ್ಟರು. ಆಮೇಲೆ ಕಾರ್ಡು ಕಂಡ ಕೂಡಲೇ ಮುಖ ತಿರುಗಿಸತೊಡಗಿದರು. ಒಂದು ಸೋಮವಾರ ಅಷ್ಟೂ ಕಾರ್ಡುಗಳನ್ನು ಎಡಗೈಯಲ್ಲಿ ಗುಡಿಸಿ ನೆಲಕ್ಕೆ ಚೆಲ್ಲಿದರು. ಡಾಕ್ಟರು ಬಗ್ಗಿ ಅವನ್ನೆಲ್ಲ ಆಯ್ದುಕೊಂಡು, ನನ್ನನ್ನು ಬಾಗಿಲ ಹತ್ತಿರಕ್ಕೆ ಕರೆದರು.

“ಮುಂದಿನ ಸೋಮವಾರ ಕರ್ಕೊಂಡ್ ಬನ್ನಿ. ಅವರಾಗಿ ಒಂದೇ ಒಂದು ಮಾತಾಡಿದ್ರೂ ಸಾಕು, ಮುಂದುವರಿಸ್ತೀನಿ. ಇಲ್ಲಾಂದ್ರೆ ನಿಲ್ಲಿಸ್ಬೇಕಾಗುತ್ತೆ. ತುಂಬಾ ಜನ ಕಾಯ್ತಿದಾರೆ.”

“ನಿಲ್ಲಿಸಿದ್ರೆ ಆಮೇಲೆ?” ಎಂದೆ.

“ಸನ್ನೆಯಲ್ಲೇ ನಡೆಸ್ಕೊಂಡು ಹೋಗೋದು ಅಭ್ಯಾಸ ಮಾಡ್ಕೋಬೇಕು. ಇಷ್ಟು ತಿಂಗಳಾದ್ಮೇಲೂ ಬರದೇ ಇರೋದು, ಆಮೇಲೆ ಬರೋದು ಕಷ್ಟ.”

ಮೆಲ್ಲಗೇ ಹೇಳಿದರು. ಆದರೆ ಇವರ ಕಿವಿ ಡ್ರಮ್ಮರನ ಕಿವಿ. ಹಿಂದಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮನೆಗೆ ಬಂದ ಮೇಲೆ ಊಟಕ್ಕೂ ಬಾಯಿ ತೆರೆಯುವುದನ್ನು ನಿಲ್ಲಿಸಿದರು. ಚಮಚ ತುಟಿಗೆ ತಾಗಿಸಿದರೆ ಹಲ್ಲು ಕಚ್ಚಿ ಹಿಡಿಯುತ್ತಿದ್ದರು. ಬೇಡಿಕೊಂಡೆ, ಬೈದೆ. ಕೊನೆಗೆ ತಟ್ಟೆಯನ್ನು ಮಂಚದ ಪಕ್ಕ ಕುಕ್ಕಿ ಕೂಗಾಡಿದೆ: “ಮಾತು ಹೋಗಿರೋದು ನಿಮಗೊಬ್ರಿಗೇನಾ? ನಾನು ಇನ್ಮೇಲೆ ಯಾರ ಜೊತೆ ಜಗಳ ಆಡ್ಲಿ? ಗೋಡೆ ಜೊತೆನಾ?” ಅವರು ಗೋಡೆಯ ಕಡೆಗೇ ಹೊರಳಿಕೊಂಡರು. ಎರಡು ಹೊತ್ತು ಬರೀ ಹಾಲು ಕುಡಿದರು, ಅದೂ ಮಗಳು ಕುಡಿಸಿದ್ದಕ್ಕೆ. ಹೀಗೇ ಹೋದರೆ ಈ ಮನುಷ್ಯ ಸುಮ್ಮನಿದ್ದೂ ಇದ್ದೂ ಒಂದು ದಿನ ಹೊರಟೇಬಿಡುತ್ತಾರೆ ಎಂಬ ಭಯ ನನಗೆ ಹತ್ತಿತು.

ಮಗಳಿಗೆ ಆ ಯೋಚನೆ ಬಂದದ್ದು ಆಗ. ಅವಳದು ಸದ್ದಿನ ಕೆಲಸ. ಪಾಠಗಳನ್ನು ರೆಕಾರ್ಡ್ ಮಾಡಿ ಮಾರುವ ಆಫೀಸೊಂದರಲ್ಲಿ ಕೂತು, ಮೇಷ್ಟ್ರುಗಳ ಪಾಠದ ನಡುವಿನ ಕೆಮ್ಮು, ಉಸಿರು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವನ್ನೂ ಹೆಕ್ಕಿ ತೆಗೆಯುತ್ತಾಳೆ. ನಾನು ಬಟ್ಟೆಯ ದಾರ ಕತ್ತರಿಸುವ ಹಾಗೆ ಅವಳು ಉಸಿರು ಕತ್ತರಿಸುತ್ತಾಳೆ ಎಂದು ಇವರು ಮೊದಲು ತಮಾಷೆ ಮಾಡುತ್ತಿದ್ದರು.

“ಅಮ್ಮಾ, ಅಪ್ಪನ ಕೈಲೇ ಡ್ರಮ್ಸ್ ಹೊಡೆಸೋಣ” ಎಂದಳು.

“ತಲೆ ಸರಿಯಿದೆಯೇನೇ? ಒಂದು ಕೈ, ಒಂದು ಕಾಲು ಇಟ್ಕೊಂಡು?”

“ಒಂದೊಂದೇ ಏಟು ಸಾಕು. ಎಡಗೈಯಲ್ಲಿ ಒಂದು ಸಲ ಹೊಡೀಲಿ, ರೆಕಾರ್ಡ್ ಮಾಡ್ಕೋತೀನಿ. ಆಮೇಲೆ ಆ ಏಟುಗಳನ್ನ ಜೋಡಿಸಿ ಪೂರ್ತಿ ಹಾಡಿಗೆ ಡ್ರಮ್ಸ್ ಮಾಡೋದು ನನ್ನ ಕೆಲಸ. ಕಾರ್ಡು ಬೇಡ ಅಂದ್ರಲ್ಲ, ಇದು ಅವರದ್ದೇ ಕೆಲಸ ಅಲ್ವಾ? ಒಳಗೆ ಏನಾದ್ರೂ ಎಚ್ಚರ ಆಗ್ಬಹುದು.”

ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವ ಇವರ ಗೆಳೆಯನಿಗೆ ಫೋನು ಮಾಡಿದಳು. ಅವನು ಮರುದಿನವೇ ಬಂದು, ಡ್ರಮ್ಸ್ ಇಲ್ಲದ ಒಂದು ಹೊಸ ಹಾಡನ್ನು ಅವಳ ಕಂಪ್ಯೂಟರಿಗೆ ಹಾಕಿಕೊಟ್ಟ. ಮಂಚದ ಪಕ್ಕ ಕೂತು, “ಲೋ, ನೀನಿಲ್ದೆ ಎಲ್ರೂ ತಾಳ ಬಿಟ್ಟು ಓಡ್ತಾ ಇದೀವಿ ಕಣೋ, ಹಿಡಿದು ನಿಲ್ಲಿಸೋರೇ ಇಲ್ಲ” ಎಂದು ನಗಿಸಲು ನೋಡಿದ. ಇವರು ನಗಲಿಲ್ಲ. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ “ಅತ್ತಿಗೆ, ತುಂಬಾ ಇಳಿದುಹೋಗಿದಾನೆ” ಎಂದ. ನನಗೆ ಗೊತ್ತಿಲ್ಲದ್ದನ್ನು ಹೇಳಿದವನ ಹಾಗೆ ಹೇಳಿದ.

ಡ್ರಮ್ ಸೆಟ್ಟು ಬ್ಯಾಂಡಿನವರ ಹತ್ತಿರವೇ ಇತ್ತು. ಅದನ್ನು ತಂದರೂ ಈ ಮನೆಯಲ್ಲಿ ಇಡಲು ಜಾಗವಿಲ್ಲ, ಬಾರಿಸಿದರೆ ಮೇಲಿನವರು ಕೆಳಗಿನವರು ಎಲ್ಲ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಶನಿವಾರ ಬೆಳಿಗ್ಗೆ ತಾಯಿ ಮಗಳು ಸೇರಿ ಮನೆಯನ್ನೆಲ್ಲ ತಟ್ಟುತ್ತಾ ತಿರುಗಿದೆವು. ಅಟ್ಟದ ಮೇಲಿನ ಹಳೆಯ ಸೂಟ್‌ಕೇಸ್ ಬರೀ ಡಬಡಬ ಎನ್ನುತ್ತಿತ್ತು. ನಾನು ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನು ಅದರೊಳಗೆ ಒತ್ತಿ ತುಂಬಿದೆ; ಆಗ ಎದೆಗೇ ತಾಗುವ ಹಾಗೆ ‘ಧಬ್’ ಎಂದಿತು. ಅದೇ ದೊಡ್ಡ ಡ್ರಮ್ ಎಂದಳು ಮಗಳು. ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಒಂದು ಹಿಡಿ ಗುಂಡುಪಿನ್ನು ಹಾಕಿ ಮುಚ್ಚಳ ತಟ್ಟಿದರೆ ಒಳಗೆ ಪಿನ್ನುಗಳು ಚರಕ್ಕೆನ್ನುತ್ತಿದ್ದವು, ಅದು ಸಣ್ಣ ಡ್ರಮ್. ನನ್ನ ದೊಡ್ಡ ಕತ್ತರಿಯನ್ನು ಗಾಳಿಯಲ್ಲಿ ಮುಚ್ಚಿ ತೆರೆದರೆ ಬರುವ ಸದ್ದು ಚಿಕ್ಕ ತಾಳಗಳ ಜೋಡಿಗೆ. ಗುಂಡಿಗಳ ಡಬ್ಬಿ ಅಲ್ಲಾಡಿಸಲು. ದೊಡ್ಡ ಪಾತ್ರೆಯ ಮುಚ್ಚಳಕ್ಕೆ ದಾರ ಕಟ್ಟಿ ತೂಗುಹಾಕಿದೆವು. ಇಷ್ಟು ವರ್ಷ ನನ್ನ ಸಾಮಾನಿನ ಸದ್ದಿಗೆ ಮೂಗು ಮುರಿದವರಿಗೆ ಈಗ ಅದೇ ಸಾಮಾನು ಗತಿಯಾಯಿತಲ್ಲ ಎಂದು ನಾನು ಇವರ ಮುಂದೆಯೇ ಹೇಳಿದೆ. ಆ ತುಟಿ ಒಂಚೂರು ಅಲ್ಲಾಡಿದ ಹಾಗೆ ಕಂಡಿತು. ಅಷ್ಟಕ್ಕೇ ನನಗೆ ಅಳು ಬಂತು.

ಕೋಣೆಯಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಕೆಡುತ್ತದಂತೆ. ಅದಕ್ಕೆ ಬೀರುವಿನ ಹಿಡಿಯಿಂದ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ, ಹೊಸ ಹೊದಿಕೆ ಹೊಲಿಯಲು ಗಿರಾಕಿಯೊಬ್ಬರು ಕೊಟ್ಟಿದ್ದ ಎರಡು ದಪ್ಪ ರಜಾಯಿಗಳನ್ನು ಸುತ್ತಲೂ ಇಳಿಬಿಟ್ಟೆವು. ಒಳಗೆ ಒಂದು ಕತ್ತಲ ಗೂಡು. ಗೂಡಿನಲ್ಲಿ ಕುರ್ಚಿಯ ಮೇಲೆ ಇವರು, ಎಡಗೈಯಲ್ಲಿ ಡ್ರಮ್ ಕೋಲಿನ ಬದಲು ಒಂದು ಚಮಚ, ಎದುರಿಗೆ ಡಬ್ಬ, ಡಬ್ಬದ ಹತ್ತಿರ ಮೈಕು. ಹೊರಗೆ ಕಂಪ್ಯೂಟರಿನ ಮುಂದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಗಳು. ಒಬ್ಬರಿಗೊಬ್ಬರು ಕಾಣುವುದಿಲ್ಲವಲ್ಲ, ನನ್ನ ಅಳತೆ ಟೇಪಿನ ಒಂದು ತುದಿಯನ್ನು ಇವರ ಎಡಗಾಲಿಗೆ ಕಟ್ಟಿದಳು. ಅವಳು ಹೊರಗಿಂದ ಜಗ್ಗಿದರೆ ಇವರು ಒಂದು ಏಟು ಹೊಡೆಯಬೇಕು. ಫ್ಯಾನು ಆರಿಸಿದಳು, ಫ್ರಿಜ್ಜಿನ ಪ್ಲಗ್ಗು ಕಿತ್ತಳು. ಕೊನೆಗೆ ನನ್ನ ಕಡೆ ತಿರುಗಿ, “ಅಮ್ಮಾ, ನೀನೂ ಆಚೆ ಇರು. ನೀನು ಸುಮ್ನೆ ಕೂತ್ರೂ ಸದ್ದು ಮಾಡ್ತೀಯ” ಎಂದಳು. ಫ್ರಿಜ್ಜಿನ ಜೊತೆಗೆ ನನ್ನನ್ನೂ ಆರಿಸಿದ ಹಾಗಾಯಿತು.

ಅಡುಗೆಮನೆಯಲ್ಲಿ ಕೂತು ಕಿವಿಗೊಟ್ಟೆ. ಚರಕ್. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಚರಕ್. ಸೂಟ್‌ಕೇಸಿನ ಧಬ್. ಹೀಗೆ ಮಧ್ಯಾಹ್ನದವರೆಗೂ ನಡೆಯಿತು. ಮಗಳು ನೀರು ಕುಡಿಯಲು ಬಂದಾಗ, “ಹೇಗಿದಾರೆ?” ಎಂದೆ.

“ಹೊಡೀತಿದಾರೆ, ಚೆನ್ನಾಗೇ ಹೊಡೀತಿದಾರೆ. ಆದ್ರೆ ಜಗ್ಗಿದ ತಕ್ಷಣ ಹೊಡೆಯಲ್ಲ. ಪ್ರತೀ ಸಲಾನೂ ಸ್ವಲ್ಪ ತಡ.”

“ತಡ ಅಂದ್ರೆ?”

“ಕೈಗೆ ಹೇಳಿದ್ದು ಮುಟ್ಟೋಕೆ ಹೊತ್ತು ಹಿಡಿಯುತ್ತೇನೋ.” ಅವಳು ಲೋಟ ತೊಳೆದಿಟ್ಟು ಹೋದಳು.

ಉಳಿದಿದ್ದ ಆ ಒಂದು ಕೈಯೂ ಹೊರಟಿತೇ? ಯಾವತ್ತೂ ಕೂದಲೆಳೆಯಷ್ಟು ತಡ ಮಾಡದ ಮನುಷ್ಯ. ನಾನು ತಡ ಮಾಡಿದರೆ ತಪ್ಪು, ಬೇಗ ಬಂದರೂ ತಪ್ಪು ಎನ್ನುತ್ತಿದ್ದ ಮನುಷ್ಯ. ಸಿಂಕಿನ ಅಂಚು ಹಿಡಿದುಕೊಂಡು ಸದ್ದಾಗದ ಹಾಗೆ ಅತ್ತೆ. ಅಷ್ಟರ ನಡುವೆ ಫ್ರಿಜ್ಜಿನ ಪ್ಲಗ್ಗು ಹಾಕುವುದನ್ನು ಎಲ್ಲರೂ ಮರೆತು, ಅವರು ಕುಡಿಯುತ್ತಿದ್ದ ಒಂದೇ ಒಂದು ಪದಾರ್ಥವಾದ ಹಾಲು ಒಡೆದುಹೋಯಿತು.

ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಮಗಳು ಎಲ್ಲ ಏಟುಗಳನ್ನೂ ಜೋಡಿಸಿದ್ದಳು. ನನಗೆ ಮೊದಲು ಕೇಳಿಸಿದಳು. ಬಿಸ್ಕತ್ತಿನ ಡಬ್ಬವೆಂದೂ ಸೂಟ್‌ಕೇಸೆಂದೂ ಯಾರೂ ಹೇಳುವಂತಿರಲಿಲ್ಲ. ನಿಜವಾದ ಡ್ರಮ್ಸೇ. “ನೋಡಮ್ಮಾ, ಒಂದು ಏಟೂ ಹಿಂದೆ ಮುಂದೆ ಇಲ್ಲ. ಮಧ್ಯೆ ಒಂದು ಚೂರು ಗಲಾಟೆ ಇಲ್ಲ, ಅಷ್ಟು ಕ್ಲೀನ್” ಎಂದಳು. ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಇವರ ಕಿವಿಗೆ ಹೆಡ್‌ಫೋನ್ ಹಾಕಿ ಹಾಡು ಹಚ್ಚಿದಳು. ನಾವಿಬ್ಬರೂ ಮಂಚದ ಎದುರು ನಿಂತು ಕಣ್ಣು ಮಿಟುಕಿಸದೆ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಏನು ಬರಬಹುದು? ಭೇಷ್ ಎನ್ನಬಹುದೇ? ಮಗಳ ಹೆಸರು ಹಿಡಿದು ಕರೆಯಬಹುದೇ?

ಅವರು ಸ್ವಲ್ಪ ಹೊತ್ತು ಕೇಳಿದರು. ಹುಬ್ಬು ಗಂಟಿಕ್ಕಿತು. ಕತ್ತು ಮುಂದೆ ಬಂತು, ಏನನ್ನೋ ಹುಡುಕುವವರ ಹಾಗೆ. ಆಮೇಲೆ ಎಡಗೈಯಲ್ಲಿ ಹೆಡ್‌ಫೋನ್ ತೆಗೆದು ಹಾಸಿಗೆಯ ಮೇಲಿಟ್ಟು, ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನ ಕೊನೆಯಿಂದ ನೀರಿಳಿಯಿತು.

ಮಗಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಅಳುವುದು ಕೇಳಿಸಬಾರದು ಎಂದು. ಈ ಮನೆಯಲ್ಲಿ ಅಳುವುದಕ್ಕೂ ಸದ್ದಿನ ಲೆಕ್ಕ ಹಾಕಬೇಕು. ನನಗೆ ಎಲ್ಲರ ಮೇಲೂ ಸಿಟ್ಟು ನೆತ್ತಿಗೇರಿತು. ಡಾಕ್ಟರ ಮೇಲೆ, ಆ ಗೆಳೆಯನ ಮೇಲೆ, ಇಂಥದ್ದೊಂದು ಆಸೆ ಹುಟ್ಟಿಸಿದ ಮಗಳ ಮೇಲೆ, ಕಣ್ಣು ಮುಚ್ಚಿ ಮಲಗಿದ ಈ ಮನುಷ್ಯನ ಮೇಲೆ. ನಾಳೆಯೇ ಸೋಮವಾರ. ರಜಾಯಿಯನ್ನಾದರೂ ಹೊಲಿದು ಗಿರಾಕಿಗೆ ಮುಟ್ಟಿಸೋಣವೆಂದು ಹಗ್ಗದ ಗಂಟಿಗೆ ಕೈ ಹಾಕಿದೆ.

ಮಂಚದಿಂದ ‘ಹ್ಞಂ’ ಎಂಬಂಥ ಒಂದು ಉಸಿರು ಬಂತು. ತಿರುಗಿ ನೋಡಿದರೆ ಇವರು ಎಡಗೈ ಚಾಚಿ ರಜಾಯಿಯ ಅಂಚನ್ನು ಹಿಡಿದಿದ್ದರು. ಬಿಡಿಸಿಕೊಳ್ಳಲು ಎಳೆದೆ. ಬಿಡಲಿಲ್ಲ. ಮಂಚದಿಂದ ಬೀಳುವಷ್ಟು ಮುಂದೆ ಬಂದಿದ್ದರು.

“ಏನ್ರೀ ಬೇಕು? ಒಳಗೆ ಹೋಗ್ಬೇಕಾ? ಆ ಗೂಡಿನೊಳಗೆ?”

ಕಣ್ಣಲ್ಲೇ ಹೌದೆಂದರು. ಅಷ್ಟು ದಿನದಲ್ಲಿ ಅವರು ಬೇಕೆಂದದ್ದು ಅದೊಂದೇ. ಕಂಕುಳಿಗೆ ಭುಜ ಕೊಟ್ಟು ಎಬ್ಬಿಸಿ, ಕುರ್ಚಿಯಲ್ಲಿ ಕೂರಿಸಿ, ಹೊರಗೆ ಬರಲು ನೋಡಿದರೆ ನನ್ನ ಕಾಲಿಗೇ ಅಳತೆ ಟೇಪು ಸುತ್ತಿಕೊಂಡಿತು. ಅಲ್ಲೇ ಅವರ ಮೊಣಕಾಲಿನ ಪಕ್ಕ ನೆಲಕ್ಕೆ ಕೂತುಬಿಟ್ಟೆ. ರಜಾಯಿ ನಮ್ಮ ಹಿಂದೆ ಮುಚ್ಚಿಕೊಂಡಿತು. ಕತ್ತಲೆ, ಸೆಕೆ, ಹಳೆಯ ಹತ್ತಿಯ ವಾಸನೆ. ಬೀದಿಯ ಸದ್ದು ಇಲ್ಲ, ನಲ್ಲಿಯ ಸದ್ದು ಇಲ್ಲ. ಮದುವೆಯಾದ ಮೇಲೆ ನಾವಿಬ್ಬರೂ ಇಷ್ಟು ಹತ್ತಿರ, ಇಷ್ಟು ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ.

ಅವರ ಕೈ ಚಮಚಕ್ಕಾಗಿ ತಡಕಾಡಿತು. ಕೊಟ್ಟೆ. ಚಮಚ ಮೇಲೆದ್ದಿತು. ಏಟು ಬೀಳಲಿಲ್ಲ. ಆಗ ನನ್ನ ನೆತ್ತಿಯ ಮೇಲೆ, ಉಸಿರಿನಷ್ಟೇ ಸಣ್ಣಗೆ, ಒಂದು ದನಿ ಕೇಳಿಸಿತು.

“ಒಂದು. ಎರಡು. ಮೂರು.”

ಚರಕ್.

ಯಾರೋ ಹೊರಗೆ ಮಾತಾಡಿರಬೇಕು ಎಂದುಕೊಂಡೆ. ಚಮಚ ಮತ್ತೆ ಎದ್ದಿತು. “ಒಂದು. ಎರಡು. ಮೂರು.” ಚರಕ್. ಅದು ಅವರ ದನಿಯೇ. ಒಡೆದಿತ್ತು, ತುಕ್ಕು ಹಿಡಿದಿತ್ತು. ಆದರೆ ಪಾರ್ಟಿಗಳಲ್ಲಿ ಹಾಡು ಶುರುವಾಗುವ ಮೊದಲು ಹಿಂದಿನ ಸಾಲಿನಿಂದ ಕೇಳಿಸುತ್ತಿದ್ದ ದನಿ ಅದೇ. ಎಣಿಸದೆ ಹೊಡೆಯುವುದು ಅವರ ಮೈಯಲ್ಲೇ ಇಲ್ಲ. ಮಗಳು ಜಗ್ಗಿದಾಗಲೆಲ್ಲ ತಡವಾದದ್ದು ಕೈಯಲ್ಲ. ಅವರು ಎಣಿಸುತ್ತಿದ್ದರು.

ನಾನು ಕೂಗಿದ್ದಕ್ಕೆ ಮಗಳು ಒದ್ದೆ ಮುಖದಲ್ಲೇ ಓಡಿ ಬಂದು ರಜಾಯಿಯೊಳಗೆ ತಲೆ ತೂರಿಸಿದಳು. ಇವರು ಮತ್ತೊಮ್ಮೆ ಎಣಿಸಿದರು. ಅವಳು ಕೇಳಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಹೋಗಿ ಕೂತು, ನಿನ್ನೆಯ ರೆಕಾರ್ಡಿಂಗುಗಳನ್ನು ಒಂದೊಂದಾಗಿ ತೆರೆದಳು. ಪರದೆಯ ಮೇಲೆ ಒಂದೊಂದು ಏಟೂ ಒಂದೊಂದು ಗುಡ್ಡ. ಗುಡ್ಡಗಳ ನಡುವೆ ಬರೀ ಗೆರೆ, ಇಸ್ತ್ರಿ ಹಾಕಿದಷ್ಟು ಚಪ್ಪಟೆ.

“ಎಲ್ಲೇ ಅವರ ದನಿ?” ಎಂದೆ.

“ಇಲ್ಲಮ್ಮಾ.”

“ಇಲ್ಲ ಅಂದ್ರೆ?”

“ಸಣ್ಣ ಸದ್ದು ಬಂದ್ರೆ ಒಳಗೇ ಬಿಟ್ಕೋಬೇಡ ಅಂತ ಕಂಪ್ಯೂಟರಲ್ಲಿ ಗೇಟು ಹಾಕಿದ್ದೆ. ಆಫೀಸಲ್ಲಿ ದಿನಾ ಹಾಕ್ತೀನಿ. ದೊಡ್ಡ ಸದ್ದು ಬಂದಾಗ ಮಾತ್ರ ತೆರೆಯುತ್ತೆ. ಅಪ್ಪ ನಿನ್ನೆ ಬೆಳಿಗ್ಗೆಯಿಂದ ಮಾತಾಡಿದಾರೆ, ನಾನು ಬಾಗಿಲು ಹಾಕ್ಕೊಂಡು ಕೂತಿದ್ದೆ.” ಅವಳು ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅದರ ವೈರನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು. “ಅದಕ್ಕೇ ಅಮ್ಮಾ, ಹಾಡು ಕೇಳಿ ಅತ್ತಿದ್ದು. ಅವರು ತಮ್ಮ ಎಣಿಕೆ ಹುಡುಕ್ತಿದ್ರು.”

ಅವಳನ್ನು ತಬ್ಬಿಕೊಂಡು ಬೆನ್ನು ತಟ್ಟಿದೆ. ಆ ತಟ್ಟುವುದೂ ತಾಳಕ್ಕೆ ಇದ್ದಿರಲಾರದು.

ಆ ಗೇಟು ತೆಗೆದು ಹಾಕಿ ಮತ್ತೆ ರೆಕಾರ್ಡ್ ಮಾಡಿದೆವು. ಅವರು ಎಣಿಸಿದರು. ಅದನ್ನೇ ಮತ್ತೆ ಮತ್ತೆ ಕೇಳಿದೆವು. ಆಮೇಲೆ ನನಗೆ ದುರಾಸೆ ಹತ್ತಿತು. ಗೂಡಿನೊಳಗೆ ಕೂತು, “ಮೂರು ಆದ್ಮೇಲೆ ನನ್ನ ಹೆಸರು ಹೇಳ್ರೀ” ಎಂದೆ. ಒಂದು, ಎರಡು, ಮೂರು, ಚರಕ್. “ಮಗಳ ಹೆಸರಾದ್ರೂ ಹೇಳಿ.” ಚರಕ್. “ನೀರು ಅನ್ನಿ.” ಚಮಚ ನಿಂತುಹೋಯಿತು. ಕತ್ತಲಲ್ಲಿ ಅವರ ಬಾಯಿ ತೆರೆದುಕೊಂಡದ್ದು, ಮುಚ್ಚಿಕೊಂಡದ್ದು ನನಗೆ ಗೊತ್ತಾಯಿತು. ರಜಾಯಿಯ ಹೊರಗೆ ಕರೆತಂದರೆ ಆ ಎಣಿಕೆಯೂ ಇಲ್ಲ. ನಾವಿಬ್ಬರೂ ಎದುರಿಗೆ ನಿಂತು ಬಾಯಿ ನೋಡುತ್ತಿದ್ದರೆ ಗಂಟಲೇ ಕಟ್ಟಿಹೋಗುತ್ತಿತ್ತು.

“ಒಬ್ರೇ ಬಾರಿಸ್ತಿದ್ರೆ ಇಷ್ಟೇ ಬರುತ್ತೇನೋ. ಜೊತೆಗೆ ಯಾರಾದ್ರೂ ಇದ್ರೆ?” ಎಂದಳು ಮಗಳು. “ನೀನು ಸೂಟ್‌ಕೇಸ್ ಹೊಡಿ. ಅಪ್ಪ ಮೂರರವರೆಗೆ ಎಣಿಸ್ತಾರೆ, ನಾಲ್ಕಕ್ಕೆ ಇಬ್ರೂ ಒಟ್ಟಿಗೆ.”

“ನನ್ನ ಕೈಲಾಗುತ್ತೇನೇ? ನಾನು ಹೊಡೆದ್ರೆ ಇರೋದೂ ನಿಂತುಹೋಗುತ್ತೆ.”

ಆದರೂ ಕಲಿತೆ. ಇಷ್ಟು ವರ್ಷ ಅವರ ಬಾಯಿಂದ ಕಲಿಯದ್ದನ್ನು ಒಂದು ಮಧ್ಯಾಹ್ನದಲ್ಲಿ ಮಗಳಿಂದ ಕಲಿತೆ. ಅಡುಗೆಕಟ್ಟೆಯ ಮೇಲೆ, ತೊಡೆಯ ಮೇಲೆ, ಮಿಷನ್ನಿನ ಹಲಗೆಯ ಮೇಲೆ ತಟ್ಟಿ ತಟ್ಟಿ ಅಂಗೈ ಕೆಂಪಾಯಿತು. ಒಂದೇ ಒಂದು ಸಲವಾದರೂ ತಪ್ಪಬಾರದು, ನನ್ನಿಂದ ಕೆಡಬಾರದು ಎಂದು ಹಲ್ಲು ಕಚ್ಚಿಕೊಂಡು ತಟ್ಟಿದೆ. ಸಂಜೆ ಗಿರಾಕಿ ರಜಾಯಿ ಕೇಳಲು ಬಂದರೆ, ನಾಳೆ ಕೊಡುತ್ತೇನೆಂದು ಬಾಗಿಲಲ್ಲೇ ಸಾಗಹಾಕಿದೆ.

ಸೋಮವಾರ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತವರೆಲ್ಲ ನಮ್ಮನ್ನೇ ನೋಡಿದರು. ಗಾಲಿಕುರ್ಚಿಯಲ್ಲಿ ಇವರು, ಇವರ ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬ, ನನ್ನ ಕೈಯಲ್ಲಿ ಸೂಟ್‌ಕೇಸ್, ಮಗಳ ಹೆಗಲ ಮೇಲೆ ರಜಾಯಿ. “ಅಡ್ಮಿಟ್ ಮಾಡ್ಕೋತಿದಾರಾ?” ಎಂದು ಒಬ್ಬಾಕೆ ಮರುಕದಿಂದ ಕೇಳಿದಳು. “ಇಲ್ಲ, ಕಚೇರಿ ಇದೆ” ಎಂದೆ.

ಡಾಕ್ಟರು ನಗಲಿಲ್ಲ, ಬೇಡ ಎನ್ನಲೂ ಇಲ್ಲ. ಮೊದಲು ಒಂದು ಕಾರ್ಡು ತೋರಿಸಿದರು. ಇವರು ಮುಖ ತಿರುಗಿಸಿದರು. ಆಮೇಲೆ ನಾನೂ ಮಗಳೂ ರಜಾಯಿಯನ್ನು ಇವರ ತಲೆಯ ಮೇಲೆ, ನನ್ನ ತಲೆಯ ಮೇಲೆ ಹರಡಿದೆವು. ಡಾಕ್ಟರು ನೆಲಕ್ಕೆ ಮಂಡಿಯೂರಿ ರಜಾಯಿಗೆ ಕಿವಿ ತಂದರು. ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಬಂತು. “ಒಂದು. ಎರಡು. ಮೂರು.” ಚರಕ್, ಧಬ್. ಇಬ್ಬರೂ ಒಟ್ಟಿಗೇ. ಮತ್ತೊಮ್ಮೆ. ಮತ್ತೊಮ್ಮೆ. ಒಂದೂ ತಪ್ಪಲಿಲ್ಲ.

ನಾನು ರಜಾಯಿಯಿಂದ ತಲೆ ಹೊರಗೆ ಹಾಕಿ ಡಾಕ್ಟರ ಮುಖ ನೋಡಿದೆ. ಆಕೆಯ ಕಣ್ಣು ತುಂಬಿದ್ದವು. ಆದರೆ ತಲೆ ಅಡ್ಡಡ್ಡ ಆಡಿತು.

“ಇದು ಒಳ್ಳೇದೇ ಅಮ್ಮಾ, ಆದ್ರೆ ಇದು ಎಣಿಕೆ. ಆಯಸ್ಸೆಲ್ಲ ಹೇಳಿ ಹೇಳಿ ನಾಲಿಗೇಲಿ ಉಳ್ಕೊಂಡಿರೋದು. ಕೈ ಎತ್ತಿದ ಕೂಡ್ಲೇ ತಾನಾಗೇ ಬರುತ್ತೆ. ಮಾತು ಅಂದ್ರೆ ಹಾಗಲ್ಲ. ಎದುರಿಗೆ ಇರೋರಿಗೆ ಏನೋ ಹೇಳ್ಬೇಕು ಅನ್ನಿಸ್ಬೇಕು, ಅದನ್ನ ಅವರೇ ಹುಡುಕಿ ತೆಗೀಬೇಕು.” ಆಕೆ ಮಂಡಿಯ ಮೇಲೆ ಕೈಯೂರಿ ಏಳತೊಡಗಿದರು. “ಬೇಜಾರು ಮಾಡ್ಕೋಬೇಡಿ.”

“ಇನ್ನೊಂದೇ ಸಲ” ಎಂದೆ. “ದಮ್ಮಯ್ಯ. ಇನ್ನೊಂದೇ ಒಂದು ಸಲ.”

ಉತ್ತರಕ್ಕೂ ಕಾಯದೆ ರಜಾಯಿಯೊಳಗೆ ನುಗ್ಗಿದೆ. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಇಲ್ಲಿಗೆ ಮುಗಿಯಿತು, ಇನ್ನು ಈ ಮನುಷ್ಯ ನನ್ನನ್ನು ಒಂದು ಮಾತೂ ಅನ್ನುವುದಿಲ್ಲ, ಸಾಯುವವರೆಗೂ ಅನ್ನುವುದಿಲ್ಲ ಎಂಬುದೊಂದೇ ತಲೆಯಲ್ಲಿ. ಅವರು ಚಮಚ ಎತ್ತಿದರು. “ಒಂದು. ಎರಡು.” ನನ್ನ ಕಣ್ಣು ಮಂಜಾಯಿತು, ಕೈ ನಡುಗಿತು. ಧಬ್. ಅವರು ಮೂರು ಎನ್ನುವ ಮೊದಲೇ ನನ್ನ ಕೈ ಸೂಟ್‌ಕೇಸಿನ ಮೇಲೆ ಬಿದ್ದಿತ್ತು.

ಚಮಚ ಗಾಳಿಯಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಮೊದಲಿಂದ ಎಣಿಸಿದರು. ಅಳು ಒತ್ತರಿಸಿಕೊಂಡು ಬಂದು ನಾನು ಮತ್ತೆ ಎಲ್ಲೋ ಬಾರಿಸಿದೆ. ಮೂರನೆಯ ಸಲ ಮೂರು ಆಗಿ, ನಾಲ್ಕೂ ದಾಟಿಹೋದ ಮೇಲೆ ಧಬ್ ಎನಿಸಿದೆ.

ರಜಾಯಿ ಸರ್ರನೆ ಸರಿಯಿತು. ಅವರೇ ಅದನ್ನು ಎಡಗೈಯಲ್ಲಿ ಕಿತ್ತು ಎಸೆದಿದ್ದರು. ಕೋಣೆಯ ಬೆಳಕಿನಲ್ಲಿ, ಡಾಕ್ಟರ ಮುಂದೆ, ಮಗಳ ಮುಂದೆ ನನ್ನನ್ನು ನೋಡಿದರು. ಈ ತಿಂಗಳುಗಳ ನೋಟವಲ್ಲ ಅದು. ಹಳೆಯ ನೋಟ. ನನ್ನ ಮೈಯೆಲ್ಲ ಉರಿಸುತ್ತಿದ್ದ ನೋಟ. ಬಾಯಿ ತೆರೆಯಿತು. ಕತ್ತಿನ ನರ ಉಬ್ಬಿತು. ನಾಲಿಗೆ ಮೇಲಿನ ಹಲ್ಲಿಗೆ ಒತ್ತಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಹಣೆಯಿಂದ ಬೆವರಿಳಿಯಿತು. ಬಾಯಿ ಮುಚ್ಚಿಕೊಳ್ಳಬೇಡಿ, ದೇವರಾಣೆ ಈ ಸಲ ಮುಚ್ಚಿಕೊಳ್ಳಬೇಡಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

“ತ... ತಪ್ಪು.”

ಮಗಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅರ್ಧ ಎದ್ದಿದ್ದ ಡಾಕ್ಟರು ಹಾಗೇ ಮತ್ತೆ ನೆಲಕ್ಕೆ ಕೂತರು.

“ಯಾರಿಗೆ ಹೇಳಿದ್ರು?” ಎಂದರು ಮೆಲ್ಲಗೆ.

“ನನಗೆ” ಎಂದೆ. “ನನಗೇ ಹೇಳಿದ್ದು.”

“ಇನ್ನೊಂದ್ಸಲ ಬಾರಿಸಿ ನೋಡೋಣ.”

ಅವರು ಚಮಚ ಎತ್ತಿದರು. ಈಗ ರಜಾಯಿ ನೆಲದ ಮೇಲಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಸೂಟ್‌ಕೇಸನ್ನು ಹತ್ತಿರಕ್ಕೆ ಎಳೆದುಕೊಂಡು ಸರಿಯಾಗಿ ಕೂತೆ. ನನ್ನ ಕೈ ನಡುಗುತ್ತಿರಲಿಲ್ಲ. ನಾಲ್ಕು ಯಾವಾಗ ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಒಂದು. ಎರಡು.”

ಮೂರು ಬರುವ ಮೊದಲೇ ನಾನು ಬೇಕೆಂದೇ ಬಾರಿಸಿದೆ.